ಬ್ರೇಕ್ ಬಿಟ್ಟರೂ ಗಾಲಿ ಬಿಗಿ

ಪ್ರಶ್ನೆ: ನಮ್ಮ 1978ರ ಪ್ರೀಮಿಯರ್ ಪದ್ಮಿನಿ ತಿಂಗಳುಗಟ್ಟಲೆ ನಿಂತೇ ಇರುತ್ತದೆ. ಕುಮಾರಸ್ವಾಮಿ ಗುಡಿಗೆ ಹೋಗಿ ಬೆಟ್ಟ ಇಳಿದರೆ ಮುಂದಿನ ಎಡಗಾಲಿ ವಿಪರೀತ ಕಾಯುತ್ತದೆ, ಗಾಡಿ ಎಡಕ್ಕೆ ಎಳೆಯುತ್ತದೆ. ಪೆಡಲ್ ಮೆತ್ತಗಾಗಿ ಎರಡು ಸಲ ಒತ್ತಿದ ಮೇಲೆ ಹಿಡಿಯುತ್ತದೆ. ಮಾಸ್ಟರ್ ಸಿಲಿಂಡರ್ ಬದಲಿಸಬೇಕೇ?
- ಓದುಗರೊಬ್ಬರು, ಸಂಡೂರು

ಉತ್ತರ: ಸದ್ಯಕ್ಕೆ ಬೇಡ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಗಾಲಿಗಳಿಗೆ ತಳ್ಳುವುದು ಮಾಸ್ಟರ್ ಸಿಲಿಂಡರ್. ಅದರಲ್ಲಿ ಆಯಿಲ್ ವಾಪಸ್ ಬರುವ ತೂತು ಕಟ್ಟಿದ್ದರೆ ಉಳಿದ ಗಾಲಿಗಳೂ ಬಿಗಿಯುತ್ತಿದ್ದವು. ಒಂದೇ ಗಾಲಿ ಕಾಯುತ್ತಿದೆ ಎಂದರೆ ದೋಷ ಅಲ್ಲೇ ಇದೆ.

ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು ಮುಂಭಾಗವನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಲಸ ಮಾಡಬೇಡಿ, ದಯವಿಟ್ಟು. ಬ್ರೇಕ್ ಜೋರಾಗಿ ಒತ್ತಿ ಬಿಟ್ಟು ಗಾಲಿ ತಿರುಗಿಸಿ. ಬಿಗಿಯಿದ್ದರೆ ಡ್ರಮ್ ಹಿಂದಿನ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ಸಣ್ಣ ತಿರುಪು) ಅರ್ಧ ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಗಾಲಿ ಹಗುರಾದರೆ ರಬ್ಬರ್ ಹೋಸ್ ಒಳಗೆ ಉಬ್ಬಿದೆ. ಹೊರಗೆ ಚೆನ್ನಾಗಿ ಕಂಡರೂ ಒಳದಾರಿ ಕಿರಿದಾಗಿರುತ್ತದೆ. ಕಾಲಿನ ಒತ್ತಡಕ್ಕೆ ನುಗ್ಗಿದ ಆಯಿಲ್, ಶೂಗಳನ್ನು (ಡ್ರಮ್ಮಿಗೆ ಒತ್ತಿ ಗಾಲಿ ನಿಲ್ಲಿಸುವ ಪಟ್ಟಿಗಳು) ಹಿಂದಕ್ಕೆಳೆಯುವ ಸ್ಪ್ರಿಂಗಿನ ಬಲಕ್ಕೆ ಹಿಂದಕ್ಕೆ ಬರುವುದಿಲ್ಲ. ಮುಂದಿನ ಎರಡೂ ಹೋಸ್ ಒಟ್ಟಿಗೇ ಬದಲಿಸಿ.

ಆಗಲೂ ಬಿಗಿ ಬಿಡದಿದ್ದರೆ ಡ್ರಮ್ ಬಿಚ್ಚಿ. ಒಳಗಿನ ಧೂಳಿಗೆ ಗಾಳಿ ಹೊಡೆಯಬೇಡಿ, ಶೂಗಳ ಮೇಲಿನ ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿದಾಗ ಕಂದು ಕೆಸರು ಕಂಡರೆ ಪಿಸ್ಟನ್ ತುಕ್ಕಿಗೆ ಕಚ್ಚಿಕೊಂಡಿದೆ. ಒಳಗೋಡೆಯಲ್ಲಿ ಉಗುರಿಗೆ ಸಿಗುವ ಕುಳಿಯಿದ್ದರೆ ಹೊಸ ಸಿಲಿಂಡರೇ ಬೇಕು. ಬರೀ ರಬ್ಬರ್ ವಾಷರ್ ಕಿಟ್ ಹಾಕಿದರೆ ಮತ್ತೆ ಸೋರುತ್ತದೆ. ರಬ್ಬರಿಗೆ ಪೆಟ್ರೋಲ್, ಸೀಮೆಎಣ್ಣೆ ಸೋಕಿಸಲೇಬಾರದು, ಉಬ್ಬಿ ಕೆಡುತ್ತದೆ.

ಇನ್ನು ಮೆತ್ತನೆಯ ಪೆಡಲ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ 205 ಡಿಗ್ರಿಯವರೆಗೂ ಕುದಿಯುವುದಿಲ್ಲ. ತೇವ ಸೇರಿದರೆ 140ರ ಸುಮಾರಿಗೇ ಕುದಿಯಬಹುದು. ಕಾದ ಡ್ರಮ್ಮಿನ ಬಳಿ ಅದು ಆವಿಯಾದರೆ ಪೆಡಲ್ ಸ್ಪಂಜಿನಂತಾಗುತ್ತದೆ. ಸೀಲ್ ಒಡೆಯದ ಅರ್ಧ ಲೀಟರ್ ಡಬ್ಬಿ ತಂದು, ಒಂದೊಂದೇ ಗಾಲಿಯ ನಿಪ್ಪಲ್‌ನಿಂದ ಕೊಳವೆಯೊಳಗಿನ ಏರ್ ತೆಗೆಯಿರಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ನಿಪ್ಪಲ್ ಬಿಗಿಯುವವರೆಗೆ ಪೆಡಲ್ ಮೇಲಿನ ಕಾಲು ಎತ್ತಬಾರದು. ಮಾಸ್ಟರ್ ಸಿಲಿಂಡರಿಗೆ ಆಯಿಲ್ ಕೊಡುವ ಡಬ್ಬಿ ನಡುವೆ ಬರಿದಾದರೆ ಕೆಲಸ ಮತ್ತೆ ಮೊದಲಿನಿಂದ. ಬಣ್ಣದ ಮೇಲೆ ಆಯಿಲ್ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ. ನಿಂತ ಗಾಡಿಯಾದರೂ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು.

ತಣ್ಣಗಿದ್ದಾಗಲೂ ಎರಡು ಸಲ ಒತ್ತಬೇಕಾದರೆ ಶೂ ಮತ್ತು ಡ್ರಮ್ ನಡುವಿನ ಅಂತರ ಹೆಚ್ಚಾಗಿದೆ, ಅಡ್ಜಸ್ಟ್ ಮಾಡಿಸಿ. ಕಾಲು ಒತ್ತಿ ಹಿಡಿದಾಗ ಪೆಡಲ್ ನಿಧಾನಕ್ಕೆ ಕುಸಿದು, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಆಗ ಮಾಸ್ಟರ್ ಸಿಲಿಂಡರಿನ ವಾಷರ್ ಹೋಗಿದೆ ಎನ್ನಿ. ರಿಪೇರಿಯಾದ ಮೇಲೆ ಸಮತಟ್ಟಿನ ರಸ್ತೆಯಲ್ಲಿ ಐದು ಕಿಲೋಮೀಟರ್ ಓಡಿಸಿ, ಎರಡೂ ಮುಂಗಾಲಿಗಳ ಹತ್ತಿರ ಕೈ ಹಿಡಿದು ನೋಡಿ. ಬಿಸಿ ಒಂದೇ ಸಮ ಇದ್ದರೆ ಬೆಟ್ಟ ಹತ್ತಿಸಿ, ಇಳಿಯುವಾಗ ಸೆಕೆಂಡ್ ಗೇರ್‌ನಲ್ಲೇ ಇಳಿಸಿ.