ಗೈರುಹಾಜರಿಗೆ ವಜಾ ಆದ ಅಪೀಲು ಸೋತ ಅಪೀಲಲ್ಲ

ಹಾವೇರಿ ಜಿಲ್ಲೆಯ ಒಬ್ಬ ಓದುಗರ ಪತ್ರದ ಸಾರ: "ನಮ್ಮಪ್ಪನದು 8 ಎಕರೆ ಎರಿ ಹೊಲ, ಪಿತ್ರಾರ್ಜಿತ. ಅವ್ವ ಮೊದಲೇ ತೀರಿದ್ದಳು. ಅಪ್ಪ 1998ರಲ್ಲಿ ತೀರಿಕೊಂಡ. ಉಳಿದವರು ನಾನು, ನನ್ನ ತಮ್ಮ ಇಬ್ಬರೇ. ವಾಟ್ನಿ (ಪಾಲು ಹಂಚಿಕೆ) ಪತ್ರ ಅಂತ ಯಾವುದೂ ಆಗಿಲ್ಲ. ನಾನು ಪಾಲಿಗೆ ಕೇಸು ಹಾಕಿದೆ. 2019ರಲ್ಲಿ ಕೆಳಗಿನ ಕೋರ್ಟು ನನಗೆ ಕಾಲು ಪಾಲು, ಅಂದರೆ 2 ಎಕರೆ ಅಂತ ತೀರ್ಪು ಕೊಟ್ಟಿತು. ಅರ್ಧ ಬರಬೇಕು ಅಂತ ಅಪೀಲು ಹೋದೆ. ವರ್ಷಗಟ್ಟಲೆ ತಾರೀಖು ಬಿದ್ದವು. 'ನೀವು ಬರೋದು ಬೇಡ, ನಾನಿದ್ದೀನಿ' ಅಂತ ವಕೀಲರು ಹೇಳಿದ್ದರು. ಈ ಸಲ ಸಂಕ್ರಾಂತಿ ಆದ ವಾರ ಅವರು ಕೋರ್ಟಿಗೆ ಹೋಗಿಲ್ಲ. ಅಪೀಲು ವಜಾ ಆಗಿದೆ. ನನಗೆ ಗೊತ್ತಾಗಿದ್ದು ಹೋಳಿ ಹುಣ್ಣಿಮೆಗೆ, ತಮ್ಮ ಬಂದು 'ನೀ ಸೋತಿ' ಅಂದಾಗ. ನನ್ನ ಕಾಗದಪತ್ರ ಒಬ್ಬರೂ ಓದಲಿಲ್ಲ. ಅಪೀಲು ಕೋರ್ಟಿಗೆ 'ಓದಿ ತೀರ್ಪು ಕೊಡು' ಅಂತ ಹೇಳುವವರು ಯಾರೂ ಇಲ್ವಾ?"

ಅಕ್ಕಾ,

ಇದ್ದಾರೆ. "ಹೀಗೇ ತೀರ್ಪು ಕೊಡು" ಅಂತ ಯಾವ ಕೋರ್ಟಿಗೂ ಯಾರೂ ಹೇಳುವ ಹಾಗಿಲ್ಲ. ಆದರೆ "ಕೇಸಿನ ಒಳಗೆ ಏನಿದೆ ನೋಡಿ ತೀರ್ಪು ಕೊಡು" ಅಂತ ಹೇಳಿಸಲು ಕಾನೂನಿನಲ್ಲೇ ದಾರಿ ಇದೆ. ಮೊದಲು ಅದೇ ಕೋರ್ಟನ್ನು ಕೇಳಬೇಕು. ಅದು ಒಪ್ಪದಿದ್ದರೆ ಧಾರವಾಡದ ಹೈಕೋರ್ಟ್ ಪೀಠ ಇದೆ.

ನೀವು ಪತ್ರದ ಜೊತೆ ಇಟ್ಟಿದ್ದ ಆದೇಶದ ನಕಲು ನೋಡಿದೆ. ನಾಲ್ಕೇ ಸಾಲು. ಕೂಗಿದಾಗ ಅಪೀಲುದಾರರು ಇರಲಿಲ್ಲ, ಅವರ ವಕೀಲರೂ ಇರಲಿಲ್ಲ. ಸಂಜೆ 4 ಗಂಟೆಗೆ ಮತ್ತೆ ಕೂಗಿದರೂ ಯಾರೂ ಬರಲಿಲ್ಲ. ಆದ್ದರಿಂದ ಗೈರುಹಾಜರಿಗಾಗಿ ವಜಾ. ಕೆಳಗೆ ಸಹಿ, ಮೊಹರು. ಹೊಲದ ಸರ್ವೆ ನಂಬರ್ ಇಲ್ಲ, ನಿಮ್ಮಪ್ಪನ ಹೆಸರಿಲ್ಲ, ಕಾಲೋ ಅರ್ಧವೋ ಎಂಬ ಮಾತೇ ಇಲ್ಲ. ಇದನ್ನು ಓದಿ ನಿಮ್ಮ ಹೊಟ್ಟೆ ಉರಿದಿರುತ್ತದೆ. ನನಗೂ ಸಂಕಟವಾಯಿತು. ಆದರೆ ಅಕ್ಕಾ, ಈ ನಾಲ್ಕು ಸಾಲಿನಲ್ಲಿ ಹೊಲದ ಮಾತು ಇಲ್ಲದಿರುವುದೇ ಇವತ್ತು ನಿಮಗೆ ಅನುಕೂಲ.

ಯಾಕೆ ಅಂತ ಹೇಳುತ್ತೇನೆ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಆರ್ಡರ್ 41, ರೂಲ್ 17 ಅಂತಿದೆ. ಅಪೀಲು ಹಾಕಿದವರು ವಿಚಾರಣೆ ದಿನ ಬರದಿದ್ದರೆ ಕೋರ್ಟು ಅದನ್ನು ವಜಾ ಮಾಡಬಹುದು. ಮಾಡಲೇಬೇಕು ಅಂತಿಲ್ಲ, ಮಾಡಬಹುದು. ಆದರೆ ಬರಲಿಲ್ಲ ಅಂತ ಹೇಳಿ, ಅದರ ಜೊತೆಗೇ "ಕೇಸಿನಲ್ಲಿ ಹುರುಳೂ ಇಲ್ಲ" ಅಂತ ಬರೆದು ಮುಗಿಸುವ ಅಧಿಕಾರ ಕೋರ್ಟಿಗಿಲ್ಲ. 1976ರ ತಿದ್ದುಪಡಿಯಲ್ಲಿ ಇದನ್ನು ಬಿಡಿಸಿ ಸೇರಿಸಿದರು. 1996ರಲ್ಲಿ ಸುಪ್ರೀಂ ಕೋರ್ಟ್ ಒಂದು ಹೈಕೋರ್ಟಿಗೂ ಇದನ್ನೇ ಹೇಳಿತು: ಅಪೀಲುದಾರರು ಇಲ್ಲದಾಗ ಕೇಸಿನ ಒಳಗೆ ಕೈ ಹಾಕಬೇಡಿ. ಒಳಗೆ ಕೈ ಹಾಕಿ ವಜಾ ಮಾಡಿದರೆ ಮನುಷ್ಯನ ಮಾತು ಕೇಳದೆಯೇ ಬಾಗಿಲು ಮುಚ್ಚಿದ ಹಾಗೆ. ಬರೀ ಗೈರುಹಾಜರಿಗೆ ವಜಾ ಮಾಡಿದರೆ ಅಪೀಲಿಗೆ ಮತ್ತೆ ಜೀವ ಕೊಡಬಹುದು.

ಜೀವ ಕೊಡುವುದು ರೂಲ್ 19. ಅಪೀಲನ್ನು ಮತ್ತೆ ತೆಗೆದುಕೊಳ್ಳಿ ಅಂತ ಅದೇ ಕೋರ್ಟಿಗೆ ಅರ್ಜಿ ಹಾಕಬೇಕು. ಬರದಿರಲು ತಕ್ಕ ಕಾರಣ ಇತ್ತು ಅಂತ ಮನವರಿಕೆ ಆದರೆ ಕೋರ್ಟು ಅದನ್ನು ಮತ್ತೆ ಕಡತಕ್ಕೆ ತೆಗೆದುಕೊಳ್ಳಬೇಕು. ಎದುರಿನವರಿಗೆ ಖರ್ಚು ಕೊಡಿ ಎಂಬ ಷರತ್ತು ಹಾಕಬಹುದು. ಇದಕ್ಕೆ ಇರುವ ಗಡುವು ವಜಾ ಆದ ದಿನದಿಂದ 30 ದಿನ. ನಿಮ್ಮದು ಆ ಗಡುವು ದಾಟಿದೆ. ಅದಕ್ಕೇ ಇನ್ನೊಂದು ಅರ್ಜಿ ಜೊತೆಗಿರಬೇಕು, ತಡ ಮನ್ನಿಸಿ ಅಂತ. ಕಾಲಮಿತಿ ಕಾಯ್ದೆಯ 5ನೇ ಕಲಮು ಅದಕ್ಕೇ ಇದೆ. ವಕೀಲರು ಒಂದೇ ಅರ್ಜಿ ಹಾಕಿದರೆ ಎರಡನೆಯದು ಎಲ್ಲಿ ಅಂತ ಕೇಳಿ.

ತಡದ ಬಗ್ಗೆ ನಿಮ್ಮ ಭಯ ಅರ್ಥವಾಗುತ್ತದೆ. 1987ರ ಒಂದು ತೀರ್ಪು ಇಲ್ಲಿ ನಿಮಗೆ ನೆರವಾಗುತ್ತದೆ. ಜಮ್ಮು ಕಾಶ್ಮೀರದ ಅನಂತನಾಗ್‌ನ ಭೂಸ್ವಾಧೀನ ಪ್ರಕರಣ. ಸರ್ಕಾರದ ಅಪೀಲು ಬರೀ 4 ದಿನ ತಡವಾಗಿತ್ತು, ಹೈಕೋರ್ಟ್ ಅಷ್ಟಕ್ಕೇ ಅದನ್ನು ತಳ್ಳಿಹಾಕಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತಡ ಮಾಡಿ ಯಾರಿಗೂ ಲಾಭ ಇರುವುದಿಲ್ಲ, ತಡವನ್ನು ಮನ್ನಿಸದಿದ್ದರೆ ಹುರುಳಿರುವ ಕೇಸು ಹೊಸ್ತಿಲಲ್ಲೇ ಬಿದ್ದುಹೋಗಬಹುದು, ಮನ್ನಿಸಿದರೆ ಹೆಚ್ಚೆಂದರೆ ಇಬ್ಬರ ಮಾತೂ ಕೇಳಿ ತೀರ್ಪು ಆಗುತ್ತದೆ ಎಂದಿತು. ಪ್ರತಿ ದಿನದ ತಡಕ್ಕೂ ಲೆಕ್ಕ ಕೊಡಿ ಅನ್ನುವುದಾದರೆ ಪ್ರತಿ ಗಂಟೆಗೆ, ಪ್ರತಿ ಸೆಕೆಂಡಿಗೆ ಯಾಕೆ ಕೇಳಬಾರದು ಅಂತಲೂ ಕೇಳಿತು. ನ್ಯಾಯಾಲಯ ಇರಬೇಕಾದದ್ದು ಈ ಮನಸ್ಸಿನಲ್ಲೇ.

ಇನ್ನು ವಕೀಲರ ತಪ್ಪಿಗೆ ನೀವು ಯಾಕೆ ಹೊಲ ಕಳೆದುಕೊಳ್ಳಬೇಕು? ಇದನ್ನೇ 1981ರಲ್ಲಿ ನ್ಯಾಯಮೂರ್ತಿ ಡಿ.ಎ. ದೇಸಾಯಿ ಅವರ ಮುಂದೆ ಒಬ್ಬ ಹಳ್ಳಿಗ ಕೇಳಿದ್ದ. ಅಲಹಾಬಾದ್ ಹೈಕೋರ್ಟಿನಲ್ಲಿ ಅವನ ವಕೀಲ ಹಾಜರಿರಲಿಲ್ಲ, ಅಪೀಲು ಹೋಗಿಬಿಟ್ಟಿತ್ತು. ಹಳ್ಳಿಯವರು ವಕೀಲರನ್ನು ಹಿಡಿದು, ಕಾಗದ ಕೊಟ್ಟು, ಫೀಸು ಕೊಟ್ಟ ಮೇಲೆ ತಮ್ಮ ಕೈಲಾದದ್ದೆಲ್ಲ ಮಾಡಿದ್ದಾರೆ, ವಕೀಲರು ಕೋರ್ಟಿಗೆ ಹೋದರೋ ಇಲ್ಲವೋ ಅಂತ ಕಾವಲು ಕಾಯುವುದು ಅವರ ಕೆಲಸವಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅಪೀಲು ಮತ್ತೆ ಹೈಕೋರ್ಟಿಗೆ ಹೋಯಿತು. ಎದುರಿನವರ 200 ರೂಪಾಯಿ ಖರ್ಚನ್ನು ಬಾರದೇ ಇದ್ದ ಆ ವಕೀಲರಿಂದಲೇ ವಸೂಲಿ ಮಾಡಲು ಆದೇಶವಾಯಿತು.

ಆದರೆ ಈ ತೀರ್ಪನ್ನು ಮುಂದೆ ಹಿಡಿದರೆ ಸಾಕು ಅಂದುಕೊಳ್ಳಬೇಡಿ. 1993ರಲ್ಲಿ ಅದೇ ಸುಪ್ರೀಂ ಕೋರ್ಟ್, ವಕೀಲರ ಮೇಲೆ ಹೊರೆ ಹಾಕಿದ ಒಂದು ಕಂಪನಿಗೆ ಈ ರಿಯಾಯಿತಿ ಕೊಡಲಿಲ್ಲ. ಓದು ಬರಹ, ಅನುಕೂಲ ಎಲ್ಲ ಇದ್ದವರು ಅಮಾಯಕರ ಹಾಗೆ ನಟಿಸುವಂತಿಲ್ಲ ಎಂಬ ನಿಲುವು ಅದು. ಅದಕ್ಕೇ ನಿಮ್ಮ ಅಫಿಡವಿಟ್ ಪೊಳ್ಳಾಗಿರಬಾರದು. "ವಕೀಲರ ನಿರ್ಲಕ್ಷ್ಯದಿಂದ" ಅಂತ ಒಂದು ಸಾಲು ಬರೆದು ಸಹಿ ಹಾಕಿಸಿಕೊಂಡರೆ ಒಪ್ಪಬೇಡಿ. ವಕಾಲತ್ತು ಯಾವಾಗ ಕೊಟ್ಟಿರಿ, ಫೀಸು ಎಷ್ಟು ಸಲ ಕೊಟ್ಟಿರಿ, ಕೊನೆಗೆ ಯಾವಾಗ ಫೋನ್ ಮಾಡಿದಿರಿ, ಬರೋದು ಬೇಡ ಅಂತ ಅವರು ಹೇಳಿದ್ದು ಯಾವ ತಾರೀಖಿಗೆ, ತಮ್ಮ ಬಂದು ಹೇಳಿದ್ದು ಯಾವ ದಿನ, ನಕಲಿಗೆ ಅರ್ಜಿ ಹಾಕಿದ್ದು ಯಾವಾಗ, ಕೈಗೆ ಬಂದದ್ದು ಯಾವಾಗ, ಎಲ್ಲ ಬರೆಯಿರಿ. ಆ ವಕೀಲರು ಅವತ್ತು ಆಸ್ಪತ್ರೆಯಲ್ಲಿದ್ದರೋ, ಬೇರೆ ಕೋರ್ಟಿನಲ್ಲಿದ್ದರೋ ಕೇಳಿ. ನಿಜವಾದ ಕಾರಣ ಇದ್ದರೆ ಅವರ ಅಫಿಡವಿಟ್ಟೂ ಸೇರಲಿ. ಅವರ ಮೇಲೆ ಸಿಟ್ಟು ತೀರಿಸಿಕೊಳ್ಳುವುದಕ್ಕಿಂತ ಅದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ಅಪೀಲನ್ನು ಎಬ್ಬಿಸಬೇಕಾ ಅಂತ ನಿಮ್ಮ ಮನೆಯವರು ಕೇಳುತ್ತಾರಂತೆ. ಎಬ್ಬಿಸಲೇಬೇಕು. 2019ರಲ್ಲಿ ಕೆಳಗಿನ ಕೋರ್ಟು ಕಾಲು ಪಾಲು ಕೊಟ್ಟದ್ದು 2015ರ ಒಂದು ತೀರ್ಪಿನ ಲೆಕ್ಕಕ್ಕೆ ಸರಿಯಾಗೇ ಇತ್ತು. ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟ ತಿದ್ದುಪಡಿ ಜಾರಿಗೆ ಬಂದದ್ದು 2005ರ ಸೆಪ್ಟೆಂಬರ್ 9ರಂದು. ಅವತ್ತಿಗೆ ತಂದೆ ಬದುಕಿದ್ದರೆ ಮಾತ್ರ ಆ ಹಕ್ಕು ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದೂ ನಮ್ಮ ರಾಜ್ಯದಿಂದ ಹೋದ ಕೇಸಿನಲ್ಲೇ. ನಿಮ್ಮಪ್ಪ 1998ರಲ್ಲೇ ತೀರಿದ್ದರಿಂದ ಹೊಲ ಮೊದಲು ಅಪ್ಪ ಮಗನಿಗೆ ಅರ್ಧರ್ಧ, ಆಮೇಲೆ ಅಪ್ಪನ ಅರ್ಧದಲ್ಲಿ ನಿಮಗೆ ಅರ್ಧ. ಹೀಗೆ 2 ಎಕರೆ.

2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಈ ಲೆಕ್ಕವನ್ನೇ ಬದಲಿಸಿತು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕು ಅಂತೇನಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಾಟ್ನಿಯಾಗಲಿ, ಕೋರ್ಟಿನ ಡಿಕ್ರಿಯ ಮೂಲಕ ಆದ ವಾಟ್ನಿಯಾಗಲಿ ಇದ್ದರೆ ಮಾತ್ರ ಅದನ್ನು ಕದಲಿಸುವಂತಿಲ್ಲ. ನಿಮ್ಮಲ್ಲಿ ಯಾವುದೂ ಆಗಿಲ್ಲ. ಪ್ರಾಥಮಿಕ ಡಿಕ್ರಿ (ಯಾರಿಗೆ ಎಷ್ಟು ಪಾಲು ಅಂತ ಹೇಳುವುದು) ಆಗಿದ್ದರೂ, ಅಪೀಲು ಅಥವಾ ಅಂತಿಮ ಡಿಕ್ರಿಯ (ಹೊಲವನ್ನು ಅಳೆದು ಹಂಚಿಕೊಡುವುದು) ಕೆಲಸ ಬಾಕಿ ಇದ್ದರೆ ಮಗಳಿಗೆ ಮಗನಷ್ಟೇ ಪಾಲು ಕೊಡಬೇಕು ಅಂತ ಅದೇ ತೀರ್ಪು ಹೇಳುತ್ತದೆ. ಅಂದರೆ ಅಪೀಲು ಕೋರ್ಟು ನಿಮ್ಮ ಕಾಗದ ಓದಿದ್ದರೆ 2 ಎಕರೆ 4 ಎಕರೆ ಆಗುತ್ತಿತ್ತು. ಇಂಥ ಕೇಸುಗಳು ಬಹಳ ತಡವಾಗಿವೆ, ಆದಷ್ಟು ಮಟ್ಟಿಗೆ 6 ತಿಂಗಳಲ್ಲಿ ಮುಗಿಸಿ ಅಂತ ಎಲ್ಲ ಕೋರ್ಟುಗಳಿಗೆ ಆ ತೀರ್ಪಿನ ಕೊನೆಯಲ್ಲಿ ಮನವಿ ಇದೆ. ನಿಮ್ಮ ಅಪೀಲು ಆಮೇಲೆ ಎಷ್ಟೋ ವರ್ಷ ತಾರೀಖು ಕಂಡಿತು, ಕೊನೆಗೆ ಓದಿಸಿಕೊಳ್ಳದೆ ಬಿದ್ದುಹೋಯಿತು. ಇದು ನನಗೆ ತಡೆಯಲಾಗದ ಮಾತು.

ನಿಮ್ಮ ತಮ್ಮ ಅಂದದ್ದು ತಪ್ಪು. ನೀವು ಏನನ್ನೂ ಸೋತಿಲ್ಲ. ಅವರು ಅಪೀಲು ಹೋಗಿಲ್ಲವಾದ್ದರಿಂದ 2 ಎಕರೆಯ ಡಿಕ್ರಿ ಹಾಗೇ ನಿಂತಿದೆ. ಅಂತಿಮ ಡಿಕ್ರಿ ಇನ್ನೂ ಆಗಿಲ್ಲದಿದ್ದರೆ ಅಲ್ಲಿಯೂ ಪಾಲು ಸರಿಮಾಡಿ ಅಂತ ಕೇಳಬಹುದೇ ಅಂತ ವಕೀಲರ ಹತ್ತಿರ ಮಾತಾಡಿ. ಆದರೆ ಅದೊಂದನ್ನೇ ನಂಬಿಕೊಂಡು ರೂಲ್ 19ರ ಅರ್ಜಿ ಬಿಡಬೇಡಿ.

ಅರ್ಜಿಯನ್ನೂ ತಳ್ಳಿಹಾಕಿದರೆ? ಆಗ ಆರ್ಡರ್ 43ರಡಿ ಹೈಕೋರ್ಟಿಗೆ ಹೋಗಬಹುದು, ಗಡುವು 90 ದಿನ. ನಮ್ಮ ಕಡೆಯವರು ಇದಕ್ಕಾಗಿ ರಾತ್ರಿ ಗಾಡಿ ಹತ್ತಿ ಬೆಂಗಳೂರಿಗೆ ಹೋಗಬೇಕಿದ್ದ ಕಾಲ ಇತ್ತು. ವರ್ಷಗಟ್ಟಲೆ ಹೋರಾಟ ಆದ ಮೇಲೆ 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಹಾವೇರಿಯಿಂದ ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆ ಸೇರಬಹುದು. ಆ ಪೀಠ ವಜಾ ಆದೇಶ ಪಕ್ಕಕ್ಕಿಟ್ಟು, ಅಪೀಲು ಕೇಳಿ ಇತ್ಯರ್ಥ ಮಾಡಿ, ಇಷ್ಟು ದಿನದಲ್ಲಿ ಮುಗಿಸಿ ಅಂತ ಕೆಳಗಿನ ಕೋರ್ಟಿಗೆ ಆದೇಶಿಸಬಹುದು. ನೀವು ಪತ್ರದಲ್ಲಿ ಕೇಳಿದ "ಹೇಳುವವರು" ಅವರೇ.

ಅಪೀಲು ಮತ್ತೆ ಶುರುವಾದ ಮೇಲೆ ನೀವು ಗಮನಿಸಬೇಕಾದ ಇನ್ನೊಂದು ವಿಷಯ ಇದೆ, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು ಇದೇ. ಕೇಳಿದ ಹಾಗೆ ಮಾಡಿ ಕೇಳದಿರುವುದೂ ಉಂಟು. "ಕೆಳಗಿನ ಕೋರ್ಟಿನ ತೀರ್ಪು ಸರಿಯಾಗಿದೆ, ಕೈ ಹಾಕುವ ಕಾರಣ ಕಾಣುವುದಿಲ್ಲ" ಅಂತ ಎರಡು ಪುಟದಲ್ಲಿ ಮುಗಿಸುವುದು. ಮೊದಲ ಅಪೀಲು ಹಾಗಲ್ಲ. ಸಾಕ್ಷಿ, ಕಾಗದ, ಕಾನೂನು ಎಲ್ಲವನ್ನೂ ಮತ್ತೆ ಪರಿಶೀಲಿಸಿ ಅಂತ ಕೇಳುವ ಹಕ್ಕು ಕಕ್ಷಿದಾರರಿಗೆ ಅಲ್ಲಿ ಇದೆ ಅಂತ ಸುಪ್ರೀಂ ಕೋರ್ಟ್ 2001ರಲ್ಲಿ ಒತ್ತಿ ಹೇಳಿದೆ. ತೀರ್ಮಾನ ಆಗಬೇಕಾದ ಪ್ರಶ್ನೆ ಯಾವುದು, ಅದಕ್ಕೆ ಉತ್ತರ ಏನು, ಯಾಕೆ ಅಂತ ತೀರ್ಪಿನಲ್ಲಿ ಬರೆಯಲೇಬೇಕು. ರೂಲ್ 31 ಇದನ್ನೇ ಹೇಳುತ್ತದೆ. ಹೀಗೆ ಬರೆಯದೆ ಅಪೀಲು ಮುಗಿಸಿದ್ದಕ್ಕೆ 2010ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನದೇ ಒಂದು ತೀರ್ಪನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿ, ಮತ್ತೆ ಕೇಳಿ ಅಂತ ವಾಪಸ್ ಕಳಿಸಿತು. ಹೈಕೋರ್ಟಿಗೇ ಹಾಗೆ ಹೇಳಿದ ಮೇಲೆ ಜಿಲ್ಲೆಯ ಕೋರ್ಟಿಗೆ ಬೇರೆ ನಿಯಮ ಇರಲಾರದು. ಮೊದಲ ಅಪೀಲು ಯಾಕಿಷ್ಟು ಮುಖ್ಯ ಅಂದರೆ, ಆಮೇಲಿನ ಎರಡನೇ ಅಪೀಲಿನಲ್ಲಿ ಕಾನೂನಿನ ಗಂಭೀರ ಪ್ರಶ್ನೆ ಇದ್ದರೆ ಮಾತ್ರ ಹೈಕೋರ್ಟ್ ಕೇಳುತ್ತದೆ. ಯಾರ ಸಾಕ್ಷಿ ನಂಬಬೇಕು ಅನ್ನುವ ಮಾತು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ.

ಕ್ರಿಮಿನಲ್ ಅಪೀಲಿನಲ್ಲಿ ವಕೀಲರು ಬರಲಿಲ್ಲ ಅಂತ ವಜಾ ಮಾಡುವ ಹಾಗೇ ಇಲ್ಲ, ಕಡತ ಓದಿಯೇ ತೀರ್ಮಾನಿಸಬೇಕು ಅಂತ 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹೊಲವೇ ಜೀವನ ಆಗಿರುವ ಹೆಣ್ಣುಮಗಳ ಅಪೀಲಿಗೂ ಕಡೇಪಕ್ಷ ಇಷ್ಟು ಬೇಕು: ವಜಾ ಮಾಡುವ ಮೊದಲು ವಕೀಲರಿಗಲ್ಲ, ಅವಳಿಗೇ ಒಂದು ನೋಟಿಸು ಹೋಗಬೇಕು. ಇದನ್ನು ನಾನು ಈ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರೆಯುತ್ತೇನೆ.

ಈಗ ಕೆಲಸದ ಮಾತು. ನೀವು ಹೆಣ್ಣುಮಗಳಾದ್ದರಿಂದ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಕಚೇರಿ ಕೋರ್ಟಿನ ಆವರಣದಲ್ಲೇ ಇರುತ್ತದೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಹಳೆಯ ವಕೀಲರಿಂದ ಕಡತ ಕೇಳಿ. ಫೀಸು ಬಾಕಿ ಅಂತ ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ, 2000ರಲ್ಲೇ ತೀರ್ಪಾಗಿದೆ. ಹೊಸ ಅರ್ಜಿಯಲ್ಲಿ ನಿಮ್ಮ ಸ್ವಂತ ಮೊಬೈಲ್ ನಂಬರ್ ಬರೆಸಿ, ಮುಂದಿನ ತಾರೀಖಿನ ಮೆಸೇಜು ನಿಮಗೇ ಬರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಕೇಸಿನ 16 ಅಕ್ಷರದ ಸಿಎನ್ಆರ್ ನಂಬರ್ ಹಾಕಿದರೆ ಮಗಳು ಮನೆಯಲ್ಲೇ ತಾರೀಖು ನೋಡಿ ಹೇಳಬಹುದು. ಹೊಲ ಮಾರದಂತೆ ಯಥಾಸ್ಥಿತಿ ಆದೇಶ ಕೇಳುವ ಮಧ್ಯಂತರ ಅರ್ಜಿಯನ್ನೂ (ಐ.ಎ.) ಅದೇ ದಿನ ಹಾಕಿಸಿ. ಕೇಸು ನಡೆಯುವಾಗ ಕೊಂಡವರು ಕೋರ್ಟಿನ ತೀರ್ಪಿಗೆ ಕಟ್ಟುಬಿದ್ದವರೇ, ಆದರೂ ಮಾರಾಟ ಆದ ಮೇಲೆ ಓಡಾಡುವುದಕ್ಕಿಂತ ಮೊದಲೇ ತಡೆಯುವುದು ಸುಲಭ. ಹೊಸ ಉತಾರ (ಪಹಣಿ) ಒಂದು ತೆಗೆಸಿ, ಆದೇಶದ ನಕಲು, ಫೀಸಿನ ಚೀಟಿಗಳು, 2019ರ ತೀರ್ಪು ಎಲ್ಲ ಒಂದು ಚೀಲದಲ್ಲಿಟ್ಟುಕೊಂಡು ಈ ಸೋಮವಾರವೇ ಹೋಗಿ.