ಜಪ, ಇಷ್ಟಲಿಂಗ ಪೂಜೆ, ವಿಪಶ್ಯನ: ಎಲ್ಲವೂ ಒಂದೇ ಧ್ಯಾನವೇ?
ಅಲ್ಲ. ಹೆಸರು ಬಿಟ್ಟು, ಗಮನ ಎಲ್ಲಿರುತ್ತದೆ ಅಂತ ನೋಡಿ ವಿಂಗಡಿಸುವುದೇ ಸರಿ. ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ‘ಓಂ ನಮಃ ಶಿವಾಯ’ ಜಪಿಸುವವರ ಮನಸ್ಸು ಮಂತ್ರದಲ್ಲಿ ನಿಲ್ಲುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇಷ್ಟಲಿಂಗ ಪೂಜೆ ಇದೆ ಅಲ್ವಾ, ಅಲ್ಲಿ ಅಂಗೈ ಮೇಲಿನ ಲಿಂಗದಲ್ಲೇ ದೃಷ್ಟಿ. ಎರಡೂ ಏಕಾಗ್ರತೆಯ ಬಗೆ. ಮನಸ್ಸು ಓಡಿದರೆ ಮತ್ತೆ ಅಲ್ಲಿಗೇ ತರಬೇಕು. ವಿಪಶ್ಯನದಂಥ ಇನ್ನೊಂದು ಬಗೆಯಲ್ಲಿ ಯೋಚನೆ, ನೋವು, ಸದ್ದು ಏನೇ ಬಂದರೂ ಸುಮ್ನೆ ಗಮನಿಸಬೇಕು. ಮೈತ್ರಿ ಧ್ಯಾನದಲ್ಲಿ ಎಲ್ಲರ ಒಳಿತು ಬಯಸುತ್ತಾರೆ.

ಆದರೆ ಈ ಬಗೆಗಳ ನಡುವಿನ ಗೆರೆ ಗಟ್ಟಿಯಲ್ಲ. ವಿಪಶ್ಯನ ಗುರು ಎಸ್.ಎನ್. ಗೋಯೆಂಕಾ ಪರಂಪರೆಯ 10 ದಿನದ ಶಿಬಿರದಲ್ಲಿ ಮೊದಲು ಉಸಿರಿನ ಮೇಲಷ್ಟೇ ಗಮನ. 4ನೇ ದಿನದಿಂದ ಮೈಯ ಸಂವೇದನೆಗಳನ್ನು ನೋಡುತ್ತಾರೆ, ಕೊನೆಗೆ ಮೈತ್ರಿ. ಹೊಸಬರು ಏಕಾಗ್ರತೆಯಿಂದಲೇ ಶುರು ಮಾಡಿ.