ಮಗ ಹೋಗಿ ಎಂಟು ತಿಂಗಳಾದರೂ ಹೆಂಡತಿಗೆ ಊಟ, ನಿದ್ದೆ ಇಲ್ಲ: ಪ್ರತಿಕ್ರಿಯೆ

ಮಗ ತೀರಿಕೊಂಡು ಎಂಟು ತಿಂಗಳಾದರೂ ಹೆಂಡತಿ ಊಟ, ನಿದ್ದೆ ಮಾಡುತ್ತಿಲ್ಲ, ಮಗನ ದನಿ ಕೇಳಿಸುತ್ತೆ ಅನ್ನುತ್ತಾರೆ ಅಂತ ಬರೆದಿದ್ದೀರಿ. ಇದು ಬರೀ ದುಃಖ ಅಲ್ಲ, ಜೊತೆಗೆ ಖಿನ್ನತೆಯೂ ಸೇರಿಕೊಂಡಿರಬಹುದು, ಖಚಿತವಾಗಿ ಡಾಕ್ಟರೇ ಹೇಳಬೇಕು. ಮಗನ ದನಿ ಕೇಳಿಸುತ್ತೆ ಅನ್ನುವುದಕ್ಕೆ ಗಾಬರಿಯಾಗಬೇಡಿ, ಇಂಥ ದುಃಖದಲ್ಲಿ ಎಷ್ಟೋ ಜನಕ್ಕೆ ಹಾಗಾಗುತ್ತದೆ. ಮಗುವನ್ನು ಕಳೆದುಕೊಂಡ ನನ್ನ ಅಕ್ಕ ಸಂಜೆ ಸ್ಕೂಲ್ ವ್ಯಾನ್ ಸದ್ದು ಕೇಳಿದರೆ ಇವತ್ತಿಗೂ ಗೇಟಿನ ಚಿಲಕ ತೆಗೆದಿಟ್ಟು ಬರುತ್ತಾಳೆ. ಆದರೆ 'ನಾನೂ ಅವನ ಹತ್ರ ಹೋಗ್ತೀನಿ' ಅಂದಿದ್ದಾರಲ್ಲ, ಅದನ್ನು ಸುಮ್ನೆ ಬಿಡಬೇಡಿ.

ಇವತ್ತೇ ನೇರವಾಗಿ ಕೇಳಿ, 'ಸಾಯಬೇಕು ಅನ್ನಿಸ್ತಿದೆಯಾ?' ಅಂತ. ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಮಾತ್ರೆ, ಗದ್ದೆಗೆ ಹೊಡೆಯುವ ಔಷಧಿ ಎಲ್ಲ ಬೇರೆ ಕಡೆ ಸಾಗಿಸಿ, ಸೀದಾ ಆಸ್ಪತ್ರೆಗೆ ಹೋಗಿ. ಇಲ್ಲ ಅಂದರೂ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆಮೇಲೆ ಈ ವಾರದೊಳಗೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ, ಬೆಂಗಳೂರು ಹತ್ತಿರವಿದ್ದರೆ ನಿಮ್ಹಾನ್ಸ್. ಬರಲ್ಲ ಅಂದರೆ 'ನಿದ್ದೆಗೆ ತೋರಿಸೋಣ' ಅನ್ನಿ, ಅಕ್ಕನನ್ನು ನಾವು ಹಾಗೇ ಕರೆದುಕೊಂಡು ಹೋಗಿದ್ದು. ಮಾತ್ರೆ ಕೊಟ್ಟರೆ ಗುಣ ಕಾಣಲು ಕೆಲವು ವಾರ ಬೇಕು, ನಡುವೆ ನಿಲ್ಲಿಸಬೇಡಿ.

ಮಗನ ಬಟ್ಟೆ, ಪುಸ್ತಕ ಯಾರಿಗಾದರೂ ಕೊಟ್ಟುಬಿಡಿ ಅಂತ ನಿಮ್ಮಮ್ಮ ಎಷ್ಟೇ ಹೇಳಲಿ, ಹೆಂಡತಿಯನ್ನು ಕೇಳದೆ ಮುಟ್ಟಬೇಡಿ. ಹಾಂ, ನಿಮಗೂ ನಿದ್ದೆ ಇಲ್ಲ ಅಂದಿರಲ್ಲ, ಡಾಕ್ಟರ ಹತ್ತಿರ ಅದನ್ನೂ ಹೇಳಿ.